ಹಿತ್ತಲ ಕೋಳಿಯ ಲೆಕ್ಕಾಚಾರ

ವರ್ಷಕ್ಕೆ ಹೆಚ್ಚೆಂದರೆ 60ರಿಂದ 80 ಮೊಟ್ಟೆ. ನಾಟಿ ಹೇಟೆಯ ದುಡಿಮೆ ಇಷ್ಟೇ. ಪಂಜರದೊಳಗಿನ ಫಾರಂ ಕೋಳಿ ಅಷ್ಟೇ ಅವಧಿಯಲ್ಲಿ 300ಕ್ಕೂ ಹೆಚ್ಚು ಮೊಟ್ಟೆ ಇಕ್ಕುತ್ತದೆ. ಮಾಂಸದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. ಬ್ರಾಯ್ಲರ್ ಮರಿ ಆರು ವಾರ ತುಂಬುವುದರೊಳಗೆ ಎರಡು ಕೆ.ಜಿ. ತೂಗುತ್ತದೆ, ನಾಟಿ ಹುಂಜ ಒಂದೂಕಾಲು, ಒಂದೂವರೆ ಕೆ.ಜಿ. ಮುಟ್ಟಬೇಕಾದರೆ ಆರೇಳು ತಿಂಗಳು ಕಾಯಬೇಕು. ಬರೀ ಈ ಅಂಕಿಗಳನ್ನೇ ನಂಬಿದರೆ ಹಿತ್ತಲ ಕೋಳಿ ಎಂದೋ ಕಾಣೆಯಾಗಬೇಕಿತ್ತು. ಆಗಿರುವುದು ತದ್ವಿರುದ್ಧ. 2019ರ 20ನೇ ಜಾನುವಾರು ಗಣತಿಯಲ್ಲಿ ದೇಶದ ಕೋಳಿ, ಬಾತುಗಳ ಸಂಖ್ಯೆ 85 ಕೋಟಿ ದಾಟಿತ್ತು. ಅದರಲ್ಲಿ ಮನೆಯ ಹಿತ್ತಲಲ್ಲಿ ಸಾಕಿದವೇ ಸುಮಾರು 31.7 ಕೋಟಿ. ಹಿಂದಿನ ಗಣತಿಗೆ ಹೋಲಿಸಿದರೆ ಫಾರಂ ಕೋಳಿಗಳು ಶೇ 4.5ರಷ್ಟು ಹೆಚ್ಚಿದ್ದವು, ಹಿತ್ತಲ ಕೋಳಿಗಳು ಶೇ 46ರಷ್ಟು.

ಕಾರಣ ಆದಾಯದ ಕಡೆ ಇಲ್ಲ, ಖರ್ಚಿನ ಕಡೆ ಇದೆ. ಫಾರಂ ನಡೆಸುವವರ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಆಹಾರಕ್ಕೇ ಹೋಗುತ್ತದೆ. ನಾಟಿ ಕೋಳಿ ಬೆಳಗ್ಗೆ ಗೂಡಿನಿಂದ ಹೊರಬಿದ್ದದ್ದೇ ತಿಪ್ಪೆ ಕೆದಕಿ, ಗೆದ್ದಲು ಹೆಕ್ಕಿ, ಕಣದಲ್ಲಿ ಚೆಲ್ಲಿದ ಕಾಳು, ಪಾತ್ರೆ ತೊಳೆದಲ್ಲಿ ಬಿದ್ದ ಅಗುಳು, ಗರಿಕೆಯ ಚಿಗುರು ಎಲ್ಲವನ್ನೂ ತಿಂದು ಸಂಜೆಗೆ ತಾನಾಗಿ ಮನೆಗೆ ಬರುತ್ತದೆ. ಅದಕ್ಕೆ ಮರಿ ಕೊಂಡು ತರಬೇಕಿಲ್ಲ, ತಾನೇ ಕಾವಿಗೆ ಕೂತು ಮರಿ ಮಾಡುತ್ತದೆ. ಮರಿಗಳಿಗೆ ಬಲ್ಬಿನ ಶಾಖ ಬೇಕಿಲ್ಲ, ತಾಯಿಯ ರೆಕ್ಕೆ ಇದೆ. ಗಿಡುಗ ಮೇಲೆ ಸುಳಿದರೆ ಮೊದಲು ಎಚ್ಚರಿಸುವುದೂ ಅದೇ. ಆಹಾರ, ಮರಿ, ಶಾಖ, ಕಾವಲು: ಈ ನಾಲ್ಕು ಕೆಲಸವನ್ನು ಕೋಳಿ ಬಿಟ್ಟಿಯಾಗಿ ಮಾಡಿಕೊಡುತ್ತದೆ. ಇದರಲ್ಲಿ ಯಾವುದನ್ನು ಅದರಿಂದ ತಪ್ಪಿಸಿದರೂ ಆ ಕೆಲಸ ಮನೆಯವರ ತಲೆಗೆ ಬರುತ್ತದೆ. ಸಣ್ಣ ಹಿಡುವಳಿಯಲ್ಲಿ ಕೋಳಿ ಸಾಕಿ ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಎಡವಿದ್ದು ಈ ಲೆಕ್ಕದಲ್ಲೇ.

ಈ ಗುಣಗಳೆಲ್ಲ ಕಾಡಿನ ಬಳುವಳಿ. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಅನೇಕ ಕೋಳಿಗಳ ಕಾಲು, ಚರ್ಮ ಹಳದಿಯಾಗಿರುವುದಕ್ಕೆ ಕಾರಣವಾದ ಜೀನ್ ಬಂದಿರುವುದು ಬೂದು ಕಾಡುಕೋಳಿಯಿಂದ ಎಂದು ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ 2008ರಲ್ಲಿ ತೋರಿಸಿತು. ಆ ಬೂದು ಕಾಡುಕೋಳಿ ನಮ್ಮದೇ ಹಕ್ಕಿ. ಬಂಡೀಪುರ, ನಾಗರಹೊಳೆಯಲ್ಲಿ, ಮಲೆನಾಡಿನ ಕಾಡಂಚಿನ ರಸ್ತೆಗಳಲ್ಲಿ ಬೆಳಗಿನ ಹೊತ್ತು ಅದು ಓಡಾಡುವುದನ್ನು ಈಗಲೂ ನೋಡಬಹುದು. ತರಗೆಲೆ ಕೆದಕಿ ತಿನ್ನುವುದು, ಕತ್ತಲಾದರೆ ಎತ್ತರದ ಕೊಂಬೆ ಹತ್ತುವುದು, ಹತ್ತಾರು ಮೊಟ್ಟೆ ಇಟ್ಟು ನಿಲ್ಲಿಸಿ ಕಾವಿಗೆ ಕೂರುವುದು, ಇವನ್ನೆಲ್ಲ ನಾಟಿ ಕೋಳಿ ಇನ್ನೂ ಮರೆತಿಲ್ಲ.

ಕಾವಿನದೇ ಒಂದು ಶಾಸ್ತ್ರ. ಹನ್ನೆರಡರಿಂದ ಹದಿನೈದು ಮೊಟ್ಟೆ ಇಟ್ಟ ಮೇಲೆ ಹೇಟೆಯ ಸ್ವಭಾವವೇ ಬದಲಾಗುತ್ತದೆ. ಗೂಡು ಬಿಟ್ಟೇಳುವುದಿಲ್ಲ, ಕೈ ಹಾಕಿದರೆ ಪುಕ್ಕ ಕೆದರಿ ಕುಕ್ಕುತ್ತದೆ, ಲೊಚಗುಟ್ಟುವ ಬೇರೆಯದೇ ದನಿ ತೆಗೆಯುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಮೊಟ್ಟೆ ಇಡುವುದು ನಿಂತಿರುವ ಲಕ್ಷಣ ಇದು. ಮನೆಯ ಹೆಂಗಸರು ಆಗ ಹಳೆಯ ಮಂಕರಿಗೆ ಬೂದಿ ಬೆರೆಸಿದ ಮರಳು, ಅದರ ಮೇಲೆ ಒಣಹುಲ್ಲು ಹಾಸುತ್ತಾರೆ. ಬೂದಿ ಇದ್ದರೆ ಹೇನು, ಉಣ್ಣಿಯ ಕಾಟ ಕಡಿಮೆ. ವಾರಕ್ಕಿಂತ ಹಳೆಯದಲ್ಲದ ಹತ್ತು ಹನ್ನೆರಡು ಮೊಟ್ಟೆ ಆರಿಸಿ, ಕತ್ತಲಾದ ಮೇಲೆ ಹೇಟೆಯನ್ನು ಕೂರಿಸುತ್ತಾರೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಮೂಲೆಯಲ್ಲೊಂದು ಕಬ್ಬಿಣದ ಚೂರೋ ಇದ್ದಿಲೋ ಇಡುವ ರೂಢಿಯೂ ಉಂಟು. ಗುಡುಗಿಗಿಂತ ಮೊಟ್ಟೆಗೆ ನಿಜವಾಗಿ ಅಪಾಯ ತರುವುದು ಬೇಸಿಗೆಯ ಸೆಕೆ. ಕೋಣೆಯ ಶಾಖವೇ ಏರಿದಾಗ ಕಾವಿಗೆ ಇಡುವ ಮೊದಲೇ ಭ್ರೂಣ ಅರೆಬರೆ ಬೆಳೆಯತೊಡಗಿ ಸತ್ತುಹೋಗುತ್ತದೆ. ರಾಯಚೂರು, ಕಲಬುರಗಿ ಸೀಮೆಯ ಏಪ್ರಿಲ್‌ನಲ್ಲಿ ಮೊಟ್ಟೆಗಳನ್ನು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಗಡಿಗೆಯಲ್ಲಿ ಕೂಡಿಟ್ಟರೆ ಈ ನಷ್ಟ ತಪ್ಪುತ್ತದೆ.

ಮುಂದಿನ 21 ದಿನ ಹೇಟೆ ದಿನಕ್ಕೊಮ್ಮೆ ಮಾತ್ರ ಎದ್ದು, ಗಬಗಬ ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಮರಳುತ್ತದೆ. ಉಳಿದ ಹೊತ್ತೆಲ್ಲ ಕೊಕ್ಕಿನಿಂದ ಮೊಟ್ಟೆಗಳನ್ನು ಉರುಳಿಸುತ್ತ, ಅಂಚಿನವನ್ನು ನಡುವಿಗೆ ಎಳೆಯುತ್ತ ಕೂತಿರುತ್ತದೆ. ಹಾಗೆ ಉರುಳಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಯಂತ್ರದಲ್ಲಿ ಮರಿ ಮಾಡುವವರು 37.5 ಡಿಗ್ರಿ ಸೆಲ್ಸಿಯಸ್ ಶಾಖ, ಹದವಾದ ತೇವಾಂಶ, ಗಂಟೆಗೊಮ್ಮೆ ಮೊಟ್ಟೆ ತಿರುಗಿಸುವ ಮೋಟಾರು, ಕೊನೆಯ ಮೂರು ದಿನ ತಿರುಗಿಸದೆ ಬಿಡುವ ವ್ಯವಸ್ಥೆ ಎಂದು ಮಾಡಿಕೊಂಡಿರುವುದೆಲ್ಲ ಹೇಟೆಯನ್ನು ನೋಡಿಯೇ. ಏಳನೆಯ ದಿನ ಕತ್ತಲ ಕೋಣೆಯಲ್ಲಿ ಟಾರ್ಚಿಗೆ ಮೊಟ್ಟೆ ಹಿಡಿದರೆ ಕೆಂಪು ನರಗಳ ಜಾಲ ಕಾಣಬೇಕು. ಕಾಣದೆ ತಿಳಿಯಾಗಿದ್ದರೆ ಅದು ಕಟ್ಟದ ಮೊಟ್ಟೆ. ತೆಗೆದರೆ ಉಳಿದವಕ್ಕೆ ಜಾಗ, ಶಾಖ ಎರಡೂ ಸಿಗುತ್ತವೆ.

ಕಾವಿಗೆ ಕೂರುವುದು ವರವೂ ಹೌದು, ಹೊರೆಯೂ ಹೌದು. ಮೊಟ್ಟೆ ಇಡಲು ಎರಡು ಮೂರು ವಾರ, ಕಾವಿಗೆ ಮೂರು ವಾರ, ಮರಿ ಸಾಕಲು ಎರಡು ಮೂರು ತಿಂಗಳು. ಹೀಗೆ ಒಂದು ಸುತ್ತಿಗೆ ನಾಲ್ಕು ತಿಂಗಳು ಹಿಡಿದರೆ ವರ್ಷಕ್ಕೆ ಮೂರೇ ಸುತ್ತು. ಮೊಟ್ಟೆಯೇ ಬೇಕೆನ್ನುವವರು ಹೇಟೆಯ ಕಾವು ಬಿಡಿಸಲು ಹಿಂದೆ ತಣ್ಣೀರಿನಲ್ಲಿ ಮುಳುಗಿಸುತ್ತಿದ್ದರು, ಮೂಗಿನ ಹೊಳ್ಳೆಗೆ ಪುಕ್ಕ ಚುಚ್ಚುತ್ತಿದ್ದರು. ಅಂಥ ಹಿಂಸೆ ಬೇಕಾಗಿಲ್ಲ. ಹುಲ್ಲು ಹಾಸದ, ತಳಕ್ಕೆ ತಂತಿಬಲೆ ಇರುವ ಎತ್ತರದ ಪಂಜರದಲ್ಲಿ ಮೂರು ನಾಲ್ಕು ದಿನ ಬಿಟ್ಟು ತಿನ್ನಲು, ಕುಡಿಯಲು ಕೊಟ್ಟರೆ ಹೊಟ್ಟೆಯಡಿ ಗಾಳಿ ಆಡಿ ಕಾವು ತಾನಾಗಿ ಇಳಿಯುತ್ತದೆ.

ಈ ಬಿಡುವೇ ಇಲ್ಲದ ಕೋಳಿ ಇದ್ದರೆ ಹೇಗೆ? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ ಈ ಪ್ರಶ್ನೆಗೆ ಸಿಕ್ಕ ಉತ್ತರ. ಬಣ್ಣಬಣ್ಣದ ಪುಕ್ಕದ, ನೋಡಲು ನಾಟಿಯಂತೆಯೇ ಇರುವ ಈ ಕೋಳಿ ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ ಕೊಡುತ್ತದೆ, ಮೈಯೂ ಬೇಗ ತುಂಬುತ್ತದೆ. ಆದರೆ ತೂಕ ಹೆಚ್ಚಾದಂತೆ ಓಟ ಕಡಿಮೆಯಾಯಿತು. ನಾಯಿ, ಕಾಡುಬೆಕ್ಕಿಗೆ ಸುಲಭದ ತುತ್ತಾಯಿತು. ಆಮೇಲೆ 2005ರಲ್ಲಿ ಬಂದ ಸ್ವರ್ಣಧಾರಾ ಗಿರಿರಾಜಕ್ಕಿಂತ ಹಗುರ, ಮೊಟ್ಟೆ ಇನ್ನೂ ಹೆಚ್ಚು, ವರ್ಷಕ್ಕೆ 180ರ ಆಸುಪಾಸು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ತಳಿಗಳು, ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯ ಕಾವೇರಿ ತಳಿ ಕೂಡ ಇದೇ ಉದ್ದೇಶದವು.

ಮೊಟ್ಟೆ ದುಪ್ಪಟ್ಟಾಯಿತು ನಿಜ. ಬದಲಿಗೆ ಕೊಡಬೇಕಾದದ್ದೇನು ಎಂಬುದನ್ನು ಮರಿ ಮಾರುವವರು ಅಷ್ಟು ಬಿಡಿಸಿ ಹೇಳುವುದಿಲ್ಲ. ಈ ತಳಿಗಳು ಕಾವಿಗೆ ಕೂರುವುದು ಇಲ್ಲವೆನ್ನುವಷ್ಟು ಕಡಿಮೆ. ಅವು ಬೇರೆ ಬೇರೆ ವಂಶಗಳ ಮಿಶ್ರಣವಾದ್ದರಿಂದ ಮನೆಯಲ್ಲೇ ಅವುಗಳ ಮೊಟ್ಟೆಯಿಂದ ಮರಿ ಮಾಡಿಸಿದರೆ ಮುಂದಿನ ತಲೆಮಾರಿನಲ್ಲಿ ಆ ಇಳುವರಿ ಉಳಿಯುವುದಿಲ್ಲ. ಹಾಗಾಗಿ ಪ್ರತಿ ಸಲವೂ ಹ್ಯಾಚರಿಯಿಂದಲೇ ಮರಿ ತರಬೇಕು. ತಂದ ಮರಿಗೆ ತಾಯಿ ಇಲ್ಲ. ಶಾಖ, ಕಾವಲು ಎರಡೂ ಮನೆಯವರದೇ. ದೊಡ್ಡ ಮೈಗೆ ಹಿತ್ತಲ ಹುಳಹುಪ್ಪಟೆ ಸಾಲದೆ ಕೈತಿಂಡಿಯೂ ಹೆಚ್ಚು ಬೇಕು. ಒಂದು ಉಪಾಯವನ್ನು ಹಳ್ಳಿಗಳಲ್ಲಿ ಬಹಳ ಮಂದಿ ಕಂಡುಕೊಂಡಿದ್ದಾರೆ: ಕಾವಿಗೆ ಕೂತ ನಾಟಿ ಹೇಟೆಯ ಅಡಿಯಲ್ಲಿ, ರಾತ್ರಿ ಹೊತ್ತು, ಹ್ಯಾಚರಿಯಿಂದ ತಂದ ಒಂದು ದಿನದ ಮರಿಗಳನ್ನು ಸದ್ದಿಲ್ಲದೆ ತೂರಿಸಿಬಿಡುವುದು. ಬೆಳಗಾಗುವಷ್ಟರಲ್ಲಿ ಹೇಟೆ ಅವನ್ನು ತನ್ನದೇ ಎಂದು ಒಪ್ಪಿಕೊಂಡಿರುತ್ತದೆ. ಹಿಂಡಿನಲ್ಲಿ ಎರಡು ಮೂರಾದರೂ ನಾಟಿ ಹೇಟೆಗಳಿರಬೇಕು ಎನ್ನುವುದು ಇದಕ್ಕೇ.

ಹೇಟೆ ಇಲ್ಲದೆ ಐವತ್ತು ಮರಿ ತಂದವರಿಗೆ ಮೊದಲ ನಾಲ್ಕು ವಾರವೇ ಪರೀಕ್ಷೆ. ಮೊದಲ ವಾರ ಮರಿಗೆ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು. ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತ ಹೋಗಬೇಕು. ತಗಡನ್ನೋ ರಟ್ಟನ್ನೋ ದುಂಡಗೆ ಸುತ್ತಿ, ಒಳಗೆ ಭತ್ತದ ಹೊಟ್ಟು ಹಾಸಿ, ಮೇಲೆ ಬಲ್ಬು ತೂಗುಬಿಡುತ್ತಾರೆ. ದುಂಡಗೇ ಇರಬೇಕು. ಮೂಲೆ ಇದ್ದರೆ ಚಳಿಗೋ ಬೆದರಿಯೋ ಮರಿಗಳು ಅಲ್ಲಿ ಒಂದರ ಮೇಲೊಂದು ಗುಡ್ಡೆ ಬಿದ್ದು ಅಡಿಯವು ಉಸಿರುಗಟ್ಟಿ ಸಾಯುತ್ತವೆ. ಮರಿಗೆ ಒಂದೆರಡು ವಾಟ್‌ನಂತೆ ಲೆಕ್ಕ ಹಾಕಿ ಬಲ್ಬು ಹಾಕುವುದು ವಾಡಿಕೆ. ಈ ಲೆಕ್ಕ ಹಳೆಯ ಹಳದಿ ಬೆಳಕಿನ ಬಲ್ಬಿಗೆ ಮಾತ್ರ ಹೊಂದುತ್ತದೆ. ಎಲ್‌ಇಡಿ ಬಲ್ಬು ಬೆಳಕು ಕೊಟ್ಟೀತೇ ಹೊರತು ಶಾಖ ಕೊಡದು. ಹಳೆಯ ಬಲ್ಬು ಅಂಗಡಿಗಳಲ್ಲಿ ಅಪರೂಪವಾಗಿರುವುದರಿಂದ ಇನ್‌ಫ್ರಾರೆಡ್ ಬಲ್ಬೋ, ಕರೆಂಟು ಹೋಗುವ ಊರಾದರೆ ಜಾಲರಿ ಮುಚ್ಚಿದ ಕೆಂಡದ ಮಡಕೆಯೋ ಬೇಕಾಗುತ್ತದೆ. ಕೆಂಡ ಇಟ್ಟ ಕಡೆ ಗಾಳಿಯಾಡಲು ದಾರಿ ಬಿಡಬೇಕು, ಇಲ್ಲದಿದ್ದರೆ ಹೊಗೆಯೇ ಮರಿಗಳನ್ನು ಕೊಲ್ಲುತ್ತದೆ.

ಶಾಖ ಸರಿಯಿದೆಯೇ ಎಂದು ತಿಳಿಯಲು ಥರ್ಮಾಮೀಟರೇ ಬೇಕೆಂದಿಲ್ಲ. ಮರಿಗಳೆಲ್ಲ ಬಲ್ಬಿನಡಿ ಮುದ್ದೆಯಾಗಿ ಚಿಲಿಗುಟ್ಟುತ್ತಿದ್ದರೆ ಚಳಿ. ಅಂಚಿಗೆ ಸರಿದು ಬಾಯಿ ತೆರೆದು ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ. ಒಂದೇ ಬದಿಗೆ ಒತ್ತಿಕೊಂಡಿದ್ದರೆ ಇನ್ನೊಂದು ಬದಿಯಿಂದ ಗಾಳಿ ನುಗ್ಗುತ್ತಿದೆ ಎಂದರ್ಥ. ಅಲ್ಲಲ್ಲಿ ಹರಡಿ, ಕೆಲವು ತಿನ್ನುತ್ತ, ಕೆಲವು ಮಲಗಿದ್ದರೆ ಎಲ್ಲ ಸರಿಯಿದೆ.

ಇಷ್ಟೆಲ್ಲ ಜತನ ಮಾಡಿದ ಹಿಂಡನ್ನು ಮೂರು ನಾಲ್ಕು ದಿನದಲ್ಲಿ ಬರಿದು ಮಾಡುವ ಶಕ್ತಿ ಇರುವುದು ಕೊಕ್ಕರೆ ರೋಗಕ್ಕೆ. ಪಶುವೈದ್ಯರು ಇದನ್ನು ರಾಣಿಖೇತ್ ಎನ್ನುತ್ತಾರೆ. 1920ರ ದಶಕದ ಕೊನೆಯಲ್ಲಿ ಕುಮಾವೂ ಬೆಟ್ಟಸೀಮೆಯ ರಾಣಿಖೇತ್‌ನಲ್ಲಿ ಇದು ಭಾರತದಲ್ಲಿ ಮೊದಲು ಗುರುತಿಗೆ ಬಂತು. ಹಸಿರು ಭೇದಿ, ಗೊರಗೊರ ಉಸಿರಾಟ, ತಿರುಚಿದ ಕತ್ತು, ಬಿದ್ದುಹೋದ ಕಾಲು ಇದರ ಗುರುತುಗಳು. ಇದು ವೈರಸ್ ರೋಗ, ಬಂದ ಮೇಲೆ ಮದ್ದಿಲ್ಲ. ಊರಿನಲ್ಲಿ ಒಂದು ಮನೆಗೆ ಬಂದರೆ ಬೀದಿಯೆಲ್ಲ ಖಾಲಿ. ಅದು ಹರಡುವುದರಲ್ಲಿ ಮನುಷ್ಯರ ಪಾಲು ದೊಡ್ಡದು. ಎರಡು ಕೋಳಿ ಸತ್ತ ಕೂಡಲೇ ಉಳಿದವನ್ನು ಸಿಕ್ಕಷ್ಟಕ್ಕೆ ಮಾರಿಬಿಡೋಣವೆಂದು ಸಂತೆಗೆ ಒಯ್ಯುವುದು, ಸತ್ತದ್ದನ್ನು ಹೂಳದೆ ಹಳ್ಳಕ್ಕೆ ಎಸೆಯುವುದು, ಸಂತೆಯಲ್ಲಿ ಕೊಂಡದ್ದನ್ನು ನೇರವಾಗಿ ಹಿಂಡಿಗೆ ಬಿಡುವುದು. ಹೊಸ ಕೋಳಿಯನ್ನು ಎರಡು ವಾರ ಬೇರೆ ಕಡೆ ಕಟ್ಟಿ ನೋಡಿ ಆಮೇಲೆ ಬಿಟ್ಟರೆ ಅರ್ಧ ಅಪಾಯ ಕಳೆಯುತ್ತದೆ.

ಉಳಿದರ್ಧಕ್ಕೆ ಲಸಿಕೆ ಇದೆ. ಐದರಿಂದ ಏಳು ದಿನದ ಮರಿಗೆ ಲಸೋಟಾ ಅಥವಾ ಎಫ್ ತಳಿಯ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಆರರಿಂದ ಎಂಟು ವಾರಕ್ಕೆ ಆರ್2ಬಿ ಲಸಿಕೆ, ರೆಕ್ಕೆಯಡಿಯ ಚರ್ಮಕ್ಕೆ. ಹನಿಯೊಂದರ ಬೆಲೆ ಮೊಟ್ಟೆಯ ಬೆಲೆಗಿಂತ ಕಡಿಮೆ. ಹಾಗಿದ್ದೂ ಹಿತ್ತಲ ಕೋಳಿಗೆ ಅದು ಸಿಗುವುದು ಅಪರೂಪ. ಲಸಿಕೆಯ ಸೀಸೆ ಬರುವುದು ನೂರು, ಇನ್ನೂರು, ಐನೂರು ಕೋಳಿಗಾಗುವಂತೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯಲ್ಲಿರಬೇಕು. ಎಂಟು ಕೋಳಿ ಇರುವ ಮನೆಯವರು ಒಬ್ಬರೇ ಸೀಸೆ ಒಡೆಸುವುದು ಹೇಗೆ?

ಉತ್ತರ ಬಾಂಗ್ಲಾದೇಶದಲ್ಲಿ ಸಿಕ್ಕಿತ್ತು. ಅಲ್ಲಿನ ಬ್ರಾಕ್ ಸಂಸ್ಥೆ 1980ರ ದಶಕದಲ್ಲಿ ಹಳ್ಳಿಯ ಹೆಂಗಸರಿಗೇ ಲಸಿಕೆ ಹಾಕುವ ತರಬೇತಿ ಕೊಟ್ಟಿತು. ಒಂದು ಬೆಳಗ್ಗೆ, ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲೇ, ಒಬ್ಬಾಕೆ ಥರ್ಮಾಸ್ ಹಿಡಿದು ಇಡೀ ಕೇರಿ ಸುತ್ತಿ ಮುಗಿಸುತ್ತಾಳೆ. ಕೋಳಿಗಿಷ್ಟು ಎಂದು ಚಿಲ್ಲರೆ ಶುಲ್ಕ ಪಡೆಯುತ್ತಾಳೆ. ಕರ್ನಾಟಕದ ಸ್ವಸಹಾಯ ಸಂಘಗಳಲ್ಲೂ ಈಗ ಜಾನುವಾರು ಆರೈಕೆಯ ತರಬೇತಿ ಪಡೆದ ಪಶುಸಖಿಯರಿದ್ದಾರೆ. ಕೇರಿಯ ಹತ್ತು ಮನೆಯವರು ಒಂದು ದಿನ ಗೊತ್ತುಮಾಡಿಕೊಂಡರೆ ನೂರು ಕೋಳಿಯ ಸೀಸೆ ಪೋಲಾಗುವುದಿಲ್ಲ. ನೆರೆಮನೆಯ ಕೋಳಿ ಉಳಿದರೆ ತಮ್ಮ ಕೋಳಿಯೂ ಉಳಿಯುತ್ತದೆ ಎಂಬ ಕಾರಣಕ್ಕೆ ಹಣ ಕೊಡಲಾರದ ಮನೆಯ ಕೋಳಿಗೂ ಹನಿ ಹಾಕಿಸುವುದು ಲಾಭದ ಮಾತೇ.

ಹಕ್ಕಿಜ್ವರದ ವಿಷಯ ಬೇರೆ. ಭಾರತದಲ್ಲಿ ಅದು ಮೊದಲು ಕಾಣಿಸಿದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ಹೆಸರಘಟ್ಟದ ಕೇಂದ್ರದಲ್ಲೇ ಟರ್ಕಿ ಕೋಳಿಗಳಿಗೆ ಬಂದು ಅಲ್ಲಿನ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಇದ್ದಕ್ಕಿದ್ದಂತೆ ಹಲವು ಕೋಳಿ ಸತ್ತರೆ ಕೊಕ್ಕರೆ ರೋಗವೋ ಹಕ್ಕಿಜ್ವರವೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸುವುದೊಂದೇ ದಾರಿ.

ಎಷ್ಟು ಕೋಳಿ ಸಾಕಬಹುದು? ಗೂಡಿನಲ್ಲಿರುವ ಜಾಗಕ್ಕಿಂತ ಹಿತ್ತಲಿಗೆ ಸಾಕುವ ಶಕ್ತಿ ಎಷ್ಟಿದೆ ಎಂಬುದರ ಮೇಲೆ ಇದು ನಿಂತಿದೆ. ದೊಡ್ಡ ಕೋಳಿಗೆ ದಿನಕ್ಕೆ 100 ಗ್ರಾಂ ಆಸುಪಾಸು ಆಹಾರ ಬೇಕು. ಹತ್ತು ಕೋಳಿಗೆ ಹಿತ್ತಲು, ತೋಟ, ತಿಪ್ಪೆ ಸೇರಿ ಒದಗಿಸಬಲ್ಲ ಆಹಾರ ಮೂವತ್ತಕ್ಕೆ ಸಾಲುವುದಿಲ್ಲ. ಕೋಳಿ ಮೂರು ಪಟ್ಟಾದಾಗ ಮೊಟ್ಟೆ ಮೂರು ಪಟ್ಟಾಗದೆ, ತಲೆಗೆ ಸಿಗುವ ಹುಳು ಕಡಿಮೆಯಾಗಿ, ಮೊದಲಿದ್ದ ಹತ್ತೂ ಬಡಕಲಾಗುತ್ತವೆ. ಕಾಳಿನಿಂದ ಹೊಟ್ಟೆ ತುಂಬೀತು. ಮೊದಲು ಖಾಲಿಯಾಗುವುದು ಹುಳ ಕೊಡುವ ಪ್ರೋಟೀನು. ಅದಕ್ಕೆ ಮನೆಯಲ್ಲೇ ದಾರಿಗಳಿವೆ. ಸಗಣಿ, ಒದ್ದೆ ಗೋಣಿಚೀಲ ತುಂಬಿದ ಮಡಕೆಯನ್ನು ಗೆದ್ದಲು ಇರುವ ಕಡೆ ಸಂಜೆ ಬೋರಲು ಹಾಕಿದರೆ ಬೆಳಗ್ಗೆ ಹಿಡಿ ತುಂಬ ಗೆದ್ದಲು ಸಿಗುತ್ತದೆ. ಎಳೆಯ ಮರಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಇಲ್ಲ. ಅಜೋಲ್ಲಾ, ನುಗ್ಗೆಸೊಪ್ಪು, ಶೇಂಗಾ ಹಿಂಡಿಯೂ ಆದೀತು. ಮೊಟ್ಟೆ ಇಡುವ ಹೇಟೆಗೆ ಕಪ್ಪೆಚಿಪ್ಪಿನ ಪುಡಿ ಬೇಕೇ ಬೇಕು. ಮೊಟ್ಟೆಯ ಚಿಪ್ಪು ಕಟ್ಟಲು ಹೊಟ್ಟೆಯೊಳಗೆ ಸುಮಾರು ಇಪ್ಪತ್ತು ಗಂಟೆ ಹಿಡಿಯುತ್ತದೆ. ಸುಣ್ಣ ಸಾಲದಿದ್ದರೆ ಹೇಟೆ ತನ್ನ ಮೂಳೆಯನ್ನೇ ಕರಗಿಸಿ ಕೊಡುತ್ತದೆ. ಬೂಷ್ಟು ಹಿಡಿದ ಜೋಳ, ಶೇಂಗಾ ಮಾತ್ರ ಕೋಳಿಗೆ ಹಾಕಬಾರದು, ಅದರ ವಿಷ ಯಕೃತ್ತಿಗೆ ಬಡಿಯುತ್ತದೆ.

ರಾತ್ರಿಯ ಗೂಡು ಸಣ್ಣದಿರಲಿ, ಗಟ್ಟಿಯಿರಲಿ. ನೆಲದಿಂದ ಎರಡಡಿ ಎತ್ತರ, ಹಿಕ್ಕೆ ಕೆಳಗೆ ಬೀಳುವಂಥ ಗಳುಗಳ ತಳ, ಮುಂಗುಸಿ ನುಸುಳದಷ್ಟು ಸಣ್ಣ ಕಣ್ಣಿನ ತಂತಿಬಲೆ. ಕೋಳಿ ಕಳೆದುಕೊಂಡವರು ಹದ್ದು, ಗಿಡುಗಕ್ಕೆ ಶಾಪ ಹಾಕುವುದು ಹೆಚ್ಚು. ಮರಿಗಳು ಹಗಲಿನಲ್ಲಿ ಹದ್ದಿನ ಪಾಲಾಗುವುದು ನಿಜವಾದರೂ ಒಂದೇ ರಾತ್ರಿಯಲ್ಲಿ ಗೂಡನ್ನೇ ಖಾಲಿ ಮಾಡುವುದು ಮುಂಗುಸಿ, ಕಾಡುಬೆಕ್ಕು, ಬೀದಿನಾಯಿ. ಎಂಟು ಹತ್ತು ಹೇಟೆಗೆ ಒಂದು ಹುಂಜ ಸಾಕು. ಆ ಹುಂಜವನ್ನು ವರ್ಷಕ್ಕೊಮ್ಮೆ ಬೇರೆ ಊರಿನ ನೆಂಟರ ಹುಂಜದೊಂದಿಗೆ ಬದಲಾಯಿಸಿಕೊಂಡರೆ ಒಂದೇ ರಕ್ತ ಕೂಡಿ ಮರಿಗಳು ಕುಗ್ಗುವುದು ತಪ್ಪುತ್ತದೆ.

ಈ ಎಲ್ಲ ಕೆಲಸ ಹೆಚ್ಚಿನ ಮನೆಗಳಲ್ಲಿ ಹೆಂಗಸರದು, ಬರುವ ದುಡ್ಡೂ ಅವರದೇ. ಹಸು, ಎತ್ತು ಮಾರುವಾಗ ಗಂಡಸರ ಮಾತು ನಡೆದರೆ ಕೋಳಿ ಮಾರುವಾಗ ಯಾರೂ ಕೇಳುವುದಿಲ್ಲ. ಮಗುವಿನ ನೋಟ್‌ಪುಸ್ತಕ, ಸಂಘದ ಕಂತು, ಆಸ್ಪತ್ರೆಗೆ ಹೋಗುವ ಬಸ್ ಚಾರ್ಜು ಮೊಟ್ಟೆಯಿಂದ ಹುಟ್ಟುತ್ತವೆ. ಕೋಳಿ ಕೊಳ್ಳಲು ದುಡ್ಡಿಲ್ಲದವರಿಗೆ ಪಾಲಿಗೆ ಕೊಡುವ ಪದ್ಧತಿಯೂ ಇದೆ. ಹೇಟೆ ಒಬ್ಬರದು, ಸಾಕುವುದು ಇನ್ನೊಬ್ಬರು, ಮರಿ ಅರ್ಧರ್ಧ. ದೊಡ್ಡದಾಗಿ ಮಾಡುವ ಇಚ್ಛೆಯುಳ್ಳವರಿಗೆ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಸಾವಿರ ಮಾತೃಕೋಳಿಗಳ ಘಟಕ ಮತ್ತು ಹ್ಯಾಚರಿಗೆ ಬಂಡವಾಳದ ಅರ್ಧದಷ್ಟು, ಗರಿಷ್ಠ 25 ಲಕ್ಷ ರೂಪಾಯಿ ಸಬ್ಸಿಡಿ ಇದೆ. ಅದು ಉದ್ಯಮದ ದಾರಿ. ಎಂಟು ಹತ್ತು ಕೋಳಿಯ ಮನೆಗೆ ಬೇಕಾದದ್ದು ಲಸಿಕೆಯ ಹನಿ, ಗಟ್ಟಿ ಗೂಡು ಮತ್ತು ಮರಿಗಳ ಮೇಲೆ ಮೊದಲ ತಿಂಗಳ ನಿಗಾ. ಹತ್ತು ಮರಿಯಲ್ಲಿ ನಾಲ್ಕು ಉಳಿಯುವ ಕಡೆ ಎಂಟು ಉಳಿದರೆ, ತಳಿ ಬದಲಿಸದೆಯೇ ಆದಾಯ ಎರಡು ಪಟ್ಟಾಗುತ್ತದೆ.

ಮಾರಾಟದ ದಿನವನ್ನು ಮೊದಲು ಗೊತ್ತುಮಾಡಿಕೊಂಡು ಹಿಂದಕ್ಕೆ ಎಣಿಸುವವರು ಇನ್ನೂ ಜಾಣರು. ಹಳೇ ಮೈಸೂರು ಸೀಮೆಯಲ್ಲಿ ನಾಟಿ ಹುಂಜಕ್ಕೆ ವರ್ಷದಲ್ಲೇ ಹೆಚ್ಚು ಬೆಲೆ ಬರುವುದು ಯುಗಾದಿ ಮರುದಿನದ ಹೊಸತೊಡಕಿಗೆ. ಗೌರಿ ಗಣೇಶ ಹಬ್ಬದ ಆಸುಪಾಸಿನಲ್ಲಿ ಹೇಟೆಯನ್ನು ಕಾವಿಗೆ ಕೂರಿಸಿದರೆ ದಸರೆಯ ಹೊತ್ತಿಗೆ ಮರಿ ಹೊರಬರುತ್ತವೆ. ಮುಂಗಾರಿನ ತೇವ ಇಳಿದಿರುವುದರಿಂದ ರಕ್ತಭೇದಿಯ ಕಾಟ ಕಡಿಮೆ, ಸುಗ್ಗಿಯ ಕಣದಲ್ಲಿ ಕಾಳು ಧಾರಾಳ. ಕಾರ್ತಿಕದಲ್ಲಿ ಆರ್2ಬಿ ಲಸಿಕೆ ಬಿದ್ದಿದ್ದರೆ ಬೇಸಿಗೆಯ ಹೊಸ್ತಿಲಲ್ಲಿ ಕೊಕ್ಕರೆ ರೋಗ ಊರಿಗೆ ಬರುವ ಮೊದಲೇ ಮೈಯಲ್ಲಿ ರಕ್ಷಣೆ ಇರುತ್ತದೆ. ಯುಗಾದಿಗೆ ಹುಂಜಗಳಿಗೆ ಆರು ತಿಂಗಳು ತುಂಬಿ ಒಂದೂಕಾಲು ಕೆ.ಜಿ. ಆಜುಬಾಜು ತೂಗುತ್ತಿರುತ್ತವೆ. ಅದೇ ಸುತ್ತಿನ ಹೇಟೆಮರಿಗಳು ಆ ಹೊತ್ತಿಗೆ ಮೊದಲ ಮೊಟ್ಟೆಗೆ ಅಣಿಯಾಗಿರುತ್ತವೆ. ಅವನ್ನು ಮಾರದೆ ಉಳಿಸಿಕೊಂಡವರಿಗೆ ಮುಂದಿನ ಗಣೇಶನ ಹಬ್ಬಕ್ಕೆ ಕಾವಿಗೆ ಕೂರಿಸಲು ಹೇಟೆ ಕೊಳ್ಳುವ ಪ್ರಮೇಯ ಬರುವುದಿಲ್ಲ.